ಪೋಷಕರ ಸಹಿ

"ಇದರಲ್ಲಿ ನಿಮ್ಮ ಸಹಿ ಯಾವುದು, ಸರ್?"

ಕ್ಲಾಸ್ ಟೀಚರ್ ತೆರೆದ ಡೈರಿಯೊಂದನ್ನೂ ಕಾಗದವೊಂದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಒಂದರ ಮೇಲೆ ಡಸ್ಟರನ್ನೂ ಇನ್ನೊಂದರ ಮೇಲೆ ತಮ್ಮ ನೀರಿನ ಬಾಟಲಿಯನ್ನೂ ಇಟ್ಟರು. ಎಡಗಡೆ ಇದ್ದದ್ದು ಮಗಳ ಶಾಲೆಯ ಡೈರಿ. ಅದರ ಮೊದಲ ಪುಟದಲ್ಲಿ 'ಪೋಷಕರ ಮಾದರಿ ಸಹಿ' ಎಂದು ಅಚ್ಚಾದ ಚೌಕದೊಳಗೆ ಒಂದು ಸಹಿ ಗರಿ ಬಿಚ್ಚಿ ಕೂತಿತ್ತು. ಮೊದಲಕ್ಷರಕ್ಕೆ ದೊಡ್ಡ ಕೊಂಡಿ, ಕೊನೆಯಲ್ಲಿ ಚಾಟಿ ಬೀಸಿದಂತೆ ಹಿಂದಕ್ಕೆ ಬಂದ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಬಲಗಡೆ ಇದ್ದದ್ದು ಅಣೆಕಟ್ಟು ನೋಡಲು ಹೋಗುವ ಶಾಲಾ ಪ್ರವಾಸದ ಒಪ್ಪಿಗೆ ಪತ್ರ. ಅದರ ಬುಡದಲ್ಲಿ ಈಗಷ್ಟೇ ಬರೆಯಲು ಕಲಿತವರು ಬರೆದಂತೆ, ಅಕ್ಷರ ಅಕ್ಷರ ಬಿಡಿಸಿ, ಅವನ ಹೆಸರು.

ಬಲಗಡೆಯದು ಅವನು ಹಾಕಿದ್ದು. ಎಡಗಡೆಯದನ್ನು ಅವನು ಇವತ್ತೇ ಮೊದಲ ಸಲ ನೋಡುತ್ತಿದ್ದ.

"ನಿಮ್ಮ ಮೇಲೆ ಏನೂ ಇಲ್ಲ ಸರ್," ಟೀಚರ್ ದನಿ ತಗ್ಗಿಸಿದರು. "ಡೈರಿಯಲ್ಲಿ ವಾರ ವಾರ ನೀವು ಹಾಕಿರೋ ಸಹಿ ಎಲ್ಲಾ ಒಂದೇ ಅಚ್ಚು. ಈ ಫಾರ್ಮಿಂದು ಮಾತ್ರ ನೋಡಿದ ತಕ್ಷಣ ಗೊತ್ತಾಗುತ್ತೆ, ಮಕ್ಕಳ ಕೈಬರಹ. ನೀವು ಪ್ರವಾಸಕ್ಕೆ ಬೇಡ ಅಂದಿರ್ತೀರಿ, ಇವಳು ತಾನೇ ಗೀಚಿಕೊಂಡು ಬಂದಿದ್ದಾಳೆ. ಕೇಳಿದ್ರೆ ಬಾಯೇ ಬಿಡ್ತಿಲ್ಲ."

ಮಗಳು ಬಾಗಿಲ ಪಕ್ಕ ಗೋಡೆಗೆ ಆತು ನಿಂತಿದ್ದಳು. ಹದಿನಾಲ್ಕು ವರ್ಷ. ತಲೆ ಎತ್ತಿ ಅಪ್ಪನನ್ನು ಒಂದು ಸಲ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇತ್ತೋ ಎಚ್ಚರಿಕೆ ಇತ್ತೋ ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಎಡಗಡೆಯ ಸಹಿ ಅವಳದು. ಅವನ ಹಳೆಯ ಸಹಿಯನ್ನು, ಅವನಿಗಿಂತ ಚೆನ್ನಾಗಿ, ಅವಳು ಹಾಕಿದ್ದಳು.

"ಕನ್ನಡಕ ಮನೇಲೇ ಬಿಟ್ಟು ಬಂದಿದ್ದೀನಿ ಟೀಚರ್," ಎಂದ. "ಸರಿಯಾಗಿ ಕಾಣಿಸ್ತಿಲ್ಲ."

ಕನ್ನಡಕದ ಪೆಟ್ಟಿಗೆ ಅವನ ಅಂಗಿಯ ಜೇಬಿನಲ್ಲಿ ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿ ಕಾಣುತ್ತಿತ್ತು. ಟೀಚರ ಕಣ್ಣು ಅಲ್ಲಿಗೆ ಹೋಗಿ, ಏನೂ ನೋಡದಂತೆ ವಾಪಸು ಬಂತು. ಆ ಸೌಜನ್ಯ ಅವನಿಗೆ ಕಪಾಳಕ್ಕೆ ಬಿದ್ದಂತಾಯಿತು.

"ಆಗಲಿ ಸರ್. ನಾಳೆ ಹತ್ತಕ್ಕೆ ಬನ್ನಿ. ಮಧ್ಯಾಹ್ನದೊಳಗೆ ನಾನು ಹೆಡ್‌ಮಾಸ್ಟರಿಗೆ ಬರೆದು ಕೊಡಬೇಕು. ಸುಳ್ಳು ಸಹಿ ಅಂದ್ರೆ ಇಲ್ಲಿ ಮೂರು ದಿನ ಕ್ಲಾಸಿಗೆ ಸೇರಿಸಲ್ಲ, ಪ್ರವಾಸಾನೂ ಇಲ್ಲ. ಒಂದಕ್ಕಿಂತ ಹೆಚ್ಚು ಸಲ ಮಾಡಿದ್ರೆ ಟಿ.ಸಿ. ಕೊಟ್ಟು ಕಳಿಸಿಬಿಡ್ತಾರೆ. ಇವಳದು ಒಂದೇ ಸಲ, ಅಷ್ಟೊಂದು ಗಾಬರಿ ಬೇಡ."

*

ದಾರಿಯುದ್ದಕ್ಕೂ ಮಗಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಸೈಕಲ್ ಅಂಗಡಿಯ ತಿರುವಿನಲ್ಲಿ ತಟ್ಟನೆ ನಿಂತು ತಿರುಗಿದಳು.

"ಯಾರಪ್ಪಾ ನಿನ್ನ ಸಹಿ ಹಾಕು ಅಂತ ಕೇಳಿದ್ದು?"

"ನೀನು ಜ್ವರ ಬಂದು ಮಲಗಿದ್ದೆ. ಪಕ್ಕದ ಮನೆ ಹುಡುಗಿ ಫಾರ್ಮ್ ತಂದ್ಲು. ಅಪ್ಪನ ಸಹಿ ಬೇಕು, ಈಗಲೇ ಬೇಕು ಅಂದ್ಲು."

"ನನ್ನನ್ನ ಎಬ್ಬಿಸಬಾರದಿತ್ತಾ?"

ಅಪ್ಪನ ಸಹಿಗೆ ಮಗಳನ್ನು ಎಬ್ಬಿಸಬೇಕಿತ್ತು. ಅವನಿಗೆ ಅದು ಹೇಗೆ ತಿಳಿಯಬೇಕು? ಜೈಲಿನಿಂದ ಬಂದ ನಾಲ್ಕು ತಿಂಗಳಲ್ಲಿ ಅವನ ಸಹಿಯನ್ನು ಯಾರೂ ಕೇಳಿರಲಿಲ್ಲ. ಡೈರಿಗೆ ಅವಳಮ್ಮ ಹಾಕುತ್ತಿದ್ದಾಳೆ ಎಂದು ಅವನೇ ಅಂದುಕೊಂಡು, ಕೇಳುವ ಮುಖವಿಲ್ಲದೆ ಸುಮ್ಮನಿದ್ದ. ಆ ದಿನ ಪಕ್ಕದ ಮನೆಯ ಹುಡುಗಿ ಹೊಸ್ತಿಲಲ್ಲಿ ನಿಂತು "ಅಂಕಲ್, ನಿಮ್ಮ ಸಹಿ" ಎಂದಾಗ ಅವನು ಒಳಗೆ ಹೋಗಿ ಕೈ ತೊಳೆದುಕೊಂಡು ಬಂದಿದ್ದ. ಪೆನ್ನು ಹುಡುಕಿ, ಹಳೆಯ ಕ್ಯಾಲೆಂಡರಿನ ಮೇಲೆ ಎರಡು ಸಲ ಬರೆದು ನೋಡಿ, ಆಮೇಲೆ ಫಾರ್ಮಿನ ಮೇಲೆ ತನ್ನ ಹೆಸರನ್ನು ಬಿಡಿಸಿ ಬರೆದಿದ್ದ. ಆ ಕೊಂಡಿ, ಆ ಚಾಟಿ, ಆ ಎರಡು ಚುಕ್ಕಿಗಳನ್ನು ಅವನು ಕೋರ್ಟಿನಲ್ಲೇ ಬಿಟ್ಟು ಬಂದಿದ್ದ.

ಅವನು ಕಾಂಕ್ರೀಟ್ ಪರೀಕ್ಷೆ ಮಾಡುವ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದವನು. ಯಾರಾದರೂ ಕಟ್ಟಡಕ್ಕೆ ತಾರಸಿ ಹಾಕಿದರೆ ಅದೇ ಕಾಂಕ್ರೀಟಿನಿಂದ ಗೇಣುದ್ದದ ಘನಾಕಾರದ ತುಂಡುಗಳನ್ನು ಎರಕ ಹೊಯ್ದು, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಅವನಲ್ಲಿಗೆ ಕಳಿಸುತ್ತಿದ್ದರು. ಯಂತ್ರದಲ್ಲಿಟ್ಟು ಅವು ಒಡೆಯುವ ತನಕ ಒತ್ತಿ, ಎಷ್ಟು ಭಾರಕ್ಕೆ ಒಡೆದವು ಎಂದು ಬರೆದು ಅವನು ಸಹಿ ಹಾಕಬೇಕು. ಒಂದು ಸಲ ಯಂತ್ರ ಕೆಟ್ಟು ತಿಂಗಳುಗಟ್ಟಲೆ ನಿಂತಿತು. ಕಟ್ಟುವವರಿಗೆ ಅವಸರ. ಇಪ್ಪತ್ತು ವರ್ಷ ಒಡೆದ ಕೈ, ನೋಡಿದರೇ ತಿಳಿಯುತ್ತದೆ ಎಂದು ಅಂದಾಜಿನಲ್ಲಿ ಅಂಕಿ ತುಂಬಿ ಸಹಿ ಹಾಕಿದ. ಯಂತ್ರ ರಿಪೇರಿಯಾಯಿತು, ಅಭ್ಯಾಸ ರಿಪೇರಿಯಾಗಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಮೂರು ವರ್ಷ ನಡೆಯಿತು. ಯಾರೋ ಒಬ್ಬರು ಮನೆಗೆ ಫ್ರಿಜ್ ಕಳಿಸಿದರು, ಇನ್ನೊಬ್ಬರು ಅದಕ್ಕಿಂತ ದೊಡ್ಡದು ಕಳಿಸಿದರು. ಕೊನೆಗೆ ಒಂದು ವಾಹನ ನಿಲ್ದಾಣದ ತಾರಸಿ ಕೂತು ಕಾವಲುಗಾರನೊಬ್ಬನ ಬಲಗಾಲು ಹೋಯಿತು. ಪೊಲೀಸರು ಪ್ರಯೋಗಾಲಯದ ಹಿತ್ತಲ ಶೆಡ್ಡಿನಿಂದ ಆ ತುಂಡುಗಳನ್ನು ಹೊತ್ತು ತಂದು ನ್ಯಾಯಾಧೀಶರ ಮುಂದೆ ಸಾಲಾಗಿ ಜೋಡಿಸಿದರು. ಒಡೆದಿವೆ ಎಂದು ಅವನು ಸಹಿ ಹಾಕಿದ್ದ ಒಂದೊಂದೂ ನಂಬರಿನ ಸಮೇತ ಇಡಿಯಾಗಿ, ಮೂಲೆ ಕೂಡ ಮುಕ್ಕಾಗದೆ ಕೂತಿತ್ತು. ವಕೀಲರು ಏನೂ ವಾದಿಸುವ ಅಗತ್ಯವೇ ಬೀಳಲಿಲ್ಲ. ಒಂದೂವರೆ ವರ್ಷ.

ಹೆಂಡತಿ ಮನೆ ಮಾರಿ, ಮಗಳನ್ನು ಕರೆದುಕೊಂಡು ಈ ಕಡೆಗೆ ಬಂದು, ಹೊಸ ಶಾಲೆಗೆ ಸೇರಿಸಿದ್ದಳು. ಅಕ್ಕಪಕ್ಕದವರಿಗೆಲ್ಲ, ಮನೆಯವರು ದೂರದ ಸೈಟಿನಲ್ಲಿದ್ದಾರೆ ಎಂದು ಹೇಳಿದ್ದಳು.

*

"ನಂಗೆ ಗೊತ್ತಿತ್ತು," ಎಂದಳು ಹೆಂಡತಿ. ಅವಳು ಬಟ್ಟೆ ಅಂಗಡಿಯಲ್ಲಿ ಅಳತೆ ಸರಿ ಮಾಡುವ ಕೆಲಸದವಳು. ಮುಗಿಯದ್ದನ್ನು ಮನೆಗೆ ತರುತ್ತಿದ್ದಳು. ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಾ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿದಳು. "ಹೋದ ವರ್ಷ, ಶಾಲೆ ಶುರುವಾದ ಮೊದಲನೇ ವಾರ. ಮಾದರಿ ಸಹಿ ಬೇಕು, ಅಪ್ಪಂದೇ ಆಗಬೇಕು ಅಂದ್ರು. ನಾನು ಹಾಕಿದ್ರೆ ಅಪ್ಪ ಎಲ್ಲಿ ಅಂತಾರೆ. ಸೈಟಲ್ಲಿದ್ದಾರೆ ಅಂದ್ರೆ ಫೋನ್ ನಂಬರ್ ಕೊಡಿ ಅಂತಾರೆ. ಇವಳು ಟ್ರಂಕಿಂದ ನಿಮ್ಮ ಹಳೇ ಫೈಲು ತೆಗೆದು ಒಂದು ಭಾನುವಾರ ಪೂರ್ತಿ ಕೂತು ಕಲಿತಳು. ನಾನು ಅಡುಗೆಮನೇಲಿದ್ದೆ. ನೋಡಿದ್ದೆ. ನೋಡಿಲ್ಲ ಅಂತ ಇದ್ದುಬಿಟ್ಟೆ."

"ಅಲ್ವೇ, ಮಗು ಕೈಲಿ..."

"ಮಗು ಕೈಲಿ?" ಅವಳು ಪಿನ್ನುಗಳನ್ನು ತೆಗೆದು ಅಂಗೈಗೆ ಹಾಕಿಕೊಂಡಳು. "ಹೇಳಿ, ಹೇಳಿ. ಬುದ್ಧಿ ಹೇಳೋರು ಮನೆಗೆ ಬಂದು ನಾಲ್ಕು ತಿಂಗಳಾಯ್ತು, ಇನ್ನೂ ಶುರುವಾಗಿಲ್ಲವಲ್ಲ ಅಂತ ಕಾಯ್ತಿದ್ದೆ."

ಒಳಗಿನ ಕೋಣೆಯಿಂದ ಮಗಳು ಬಂದು ಬಾಗಿಲಲ್ಲಿ ನಿಂತಳು. ಅವಳು ಆಗಲೇ ಎಲ್ಲ ಯೋಚಿಸಿ ಮುಗಿಸಿದ್ದಳು.

"ಅಪ್ಪಾ, ನಾಳೆ ಡೈರೀದೇ ನಿಂದು ಅಂತ ಹೇಳು. ಫಾರ್ಮಿಂದು ನಂದು ಅಂತ ನಾನು ಒಪ್ಕೋತೀನಿ. ಒಂದೇ ಸಲ ಅಲ್ವಾ, ಮೂರು ದಿನ ಮನೇಲಿರ್ತೀನಿ. ಪ್ರವಾಸ ಹೋದ್ರೆ ಹೋಯ್ತು. ಒಂದಕ್ಕೆ ಬೈಸ್ಕೊಂಡ್ರೆ ಐವತ್ತೆಂಟು ಉಳಿಯುತ್ತೆ."

"ಐವತ್ತೆಂಟಾ?"

"ಹೂಂ. ವಾರಕ್ಕೊಂದು."

ಹಾಕದ ಸಹಿಯನ್ನು ಹಾಕಿದೆ ಎಂದು ಒಪ್ಪಿಕೊಂಡು, ಹಾಕಿದ್ದನ್ನು ಉಳಿಸಿಕೊಳ್ಳುವ ಲೆಕ್ಕಾಚಾರ. ಅವಳ ವಯಸ್ಸಿಗೆ ಅವನಿಗೆ ಅಷ್ಟು ಬುದ್ಧಿ ಇರಲಿಲ್ಲ. ಅದು ಬರುವ ಹೊತ್ತಿಗೆ ನಲವತ್ತು ದಾಟಿತ್ತು.

"ಅವಳು ಯಾಕೆ ಒಪ್ಕೋಬೇಕು?" ಎಂದಳು ಹೆಂಡತಿ. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಎರಡೂ ನಂದೇ, ನಡುವೆ ಸಹಿ ಬದಲಾಯಿಸಿದೆ ಅನ್ನಿ. ಯಾರಿಗೂ ನಷ್ಟ ಇಲ್ಲ. ಜನ ಹೆಸರೇ ಬದಲಾಯಿಸ್ತಾರೆ."

"ನಾನು ನೋಡೇ ಇಲ್ಲ ಕಣೆ ಆ ಡೈರೀನ."

"ನೋಡದೇ ಹಾಕೋದು ನಿಮಗೇನು ಹೊಸದಾ?"

ಅಂದದ್ದು ಜಾಸ್ತಿಯಾಯಿತು ಎಂದು ಅವಳಿಗೂ ಗೊತ್ತಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂಚನ್ನು ಮಡಚುತ್ತಾ, ಮೆತ್ತಗೆ ಹೇಳಿದಳು: "ನಿಜ ಹೇಳಿ ನಿಮ್ಮ ಎದೆ ಹಗುರ ಮಾಡ್ಕೋಬೇಕು ಅಂತಿದ್ರೆ ಬೇರೆ ಎಲ್ಲಾದರೂ ಮಾಡ್ಕೊಳ್ಳಿ. ಮಗಳ ಟಿ.ಸಿ. ಮೇಲೆ ಬೇಡ. ಅವಳು ಇಲ್ಲಿ ಬೇರು ಬಿಟ್ಟಿದ್ದಾಳೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಎರಡೂ ನಂದೇ ಎಂದುಬಿಡುವುದೆಂದು ನಿಶ್ಚಯಿಸಿಕೊಂಡೇ ಅವನು ಊಟಕ್ಕೆ ಕೂತ. ಮಗಳು ತಟ್ಟೆಗೆ ಬಡಿಸುವಾಗ ಅವಳ ಬಲಗೈಯ ನಡುಬೆರಳನ್ನು ನೋಡಿದ. ಪೆನ್ನು ಒತ್ತಿ ಒತ್ತಿ ಉಗುರಿನ ಪಕ್ಕ ಸಣ್ಣ ಗಂಟು ಬಿದ್ದಿತ್ತು.

*

ಸಿಮೆಂಟ್ ಇಟ್ಟಿಗೆ ಮಾಡುವ ಅಂಗಳದಲ್ಲಿ ಅವನ ಕೆಲಸ ಬೆಳಿಗ್ಗೆ ಆರಕ್ಕೆ ಶುರು. ಕೆಲಸ ಕೇಳಿಕೊಂಡು ಬಂದ ದಿನವೇ ಅಂಗಳದ ಯಜಮಾನಿಗೆ ಇದ್ದದ್ದನ್ನು ಇದ್ದಂತೆ ಹೇಳಿದ್ದ. ಬೇರೆ ಮೂರು ಕಡೆ ಹೇಳದೆ, ಆಮೇಲೆ ಗೊತ್ತಾಗಿ, ಕೆಲಸ ಕಳೆದುಕೊಂಡ ಮೇಲೆ ಕೆಟ್ಟು ಬಂದ ಬುದ್ಧಿ ಅದು. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿ ಸಹಿ ಹಾಕೋ ಕೆಲಸ ಇಲ್ಲ. ನೀರು ಹಾಕೋ ಕೆಲಸ ಇದೆ, ಮಾಡ್ತೀರಾ?" ಎಂದಿದ್ದಳು.

ಎರಕ ಹೊಯ್ದ ಇಟ್ಟಿಗೆ ಗಟ್ಟಿಯಾಗಬೇಕಾದರೆ ಎರಡು ವಾರ ಒಣಗಬಾರದು. ದಿನಕ್ಕೆ ಮೂರು ಹೊತ್ತು ಪೈಪು ಹಿಡಿದು, ಪೇರಿಸಿಟ್ಟ ಒಟ್ಟಿಲು ಒಟ್ಟಿಲಿಗೂ ನೀರು ಬಿಟ್ಟು, ಮೇಲೆ ಗೋಣಿತಾಟು ಹೊದಿಸಿ, ಎಂದು ಹೊಯ್ದದ್ದು ಎಂಬ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆದು, ಪಕ್ಕದಲ್ಲಿ ನೀರು ಹಾಕಿದವನ ಹೆಸರು ಬರೆಯಬೇಕು. ಅವನ ಜೊತೆಯವರು ಅವನನ್ನು ಮೊದಲ ದಿನದಿಂದಲೇ 'ನೀರ್ ಸಾಹೇಬ್ರು' ಎಂದು ಕರೆದರು. ಇಂಜಿನಿಯರ್ ಸಾಹೇಬರಿಗಿಂತ ಇದೇ ಹೆಚ್ಚು ದಿನ ಬಾಳುವಂತಿತ್ತು.

"ಅಕ್ಕಾ, ಹತ್ತಕ್ಕೆ ಸ್ವಲ್ಪ ಮಗಳ ಶಾಲೆಗೆ ಹೋಗಿ ಬರಬೇಕು," ಎಂದ.

"ನೆನ್ನೇನೂ ಹೋಗಿದ್ರಲ್ಲ. ಏನು, ಮಗಳು ಫಸ್ಟ್ ಬಂದ್ಲಾ, ಫೇಲಾದ್ಲಾ?"

"ಎರಡೂ ಅಲ್ಲ."

"ಹಂಗಾದ್ರೆ ನಡುವಿಂದು. ಅದೇ ಕಷ್ಟ." ಆಕೆ ಹೆಚ್ಚು ಕೇಳಲಿಲ್ಲ. ಹಿಂದಿನ ವಾರದ ಒಟ್ಟಿಲಿನಿಂದ ಒಂದು ಇಟ್ಟಿಗೆಯನ್ನು ಎಳೆದು, ಸೆರಗು ಸಿಕ್ಕಿಸಿ, ಸೊಂಟದ ಎತ್ತರಕ್ಕೆ ಎತ್ತಿ, ಕಾಲ ಬುಡದಲ್ಲಿದ್ದ ಕಬ್ಬಿಣದ ಹಲಗೆಯ ಮೇಲೆ ಕೈಬಿಟ್ಟಳು. ಠಣ್ಣೆಂದು ಇಟ್ಟಿಗೆ ಇಬ್ಭಾಗವಾಯಿತು. ಆಕೆಯ ಪರೀಕ್ಷೆ ಅದೊಂದೇ. ಲಾರಿ ಹೊರಗೆ ಕಾಯುತ್ತಿತ್ತು. ಲಾರಿಯವನು ಇಳಿದು ಬಂದ.

"ಅಯ್ಯೋ, ಒಡೆದು ತೋರಿಸ್ತೀರಲ್ಲ ಯಜಮಾನ್ತಿ! ಒಂದು ಒಡೆದ್ರೆ ಏನಾಯ್ತು, ಮಿಕ್ಕಿದ್ದು ತುಂಬಿ. ಅಲ್ಲಿ ಗೋಡೆ ಕಟ್ಟೋರು ಕೂತಿದ್ದಾರೆ."

"ಕೂತಿರಲಿ. ನಿಂತ ಗೋಡೆ ಕೂರೋದಕ್ಕಿಂತ ಕಟ್ಟೋರು ಕೂರೋದು ವಾಸಿ." ಆಕೆ ಒಡೆದ ತುಂಡಿನ ಒಳಮೈಯನ್ನು ಹೆಬ್ಬೆರಳಲ್ಲಿ ಉಜ್ಜಿದಳು, ಪುಡಿ ಉದುರಿತು. "ಇನ್ನು ನಾಲ್ಕು ದಿನ ನೀರು ಕುಡೀಬೇಕು ಇದು. ಒಡೆಯೋದಿದ್ರೆ ನಮ್ಮ ಅಂಗಳದಲ್ಲೇ ಒಡೀಲಪ್ಪ. ಗುಡಿಸಿ ಎತ್ತೋಕೆ ಕಸಬರಿಗೆ ಆದ್ರೂ ಇದೆ."

ಲಾರಿ ಖಾಲಿ ಹೋಯಿತು. ಅವನು ಕಸಬರಿಗೆ ತಂದು ಚೂರುಗಳನ್ನು ಗುಡಿಸಿದ. ನೀರು ಬಿಟ್ಟು, ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು, ಕನ್ನಡಕವನ್ನು ಈ ಸಲ ಮೂಗಿನ ಮೇಲೇ ಇಟ್ಟುಕೊಂಡು ಹೊರಟ.

*

ಟೀಚರ್ ಈ ವರ್ಷದ್ದೂ ಹೋದ ವರ್ಷದ್ದೂ ಎರಡು ಡೈರಿ ತೆಗೆದಿಟ್ಟಿದ್ದರು. ಮಗಳು ನಿನ್ನೆ ನಿಂತ ಜಾಗದಲ್ಲೇ ನಿಂತಿದ್ದಳು.

"ಎರಡೂ..." ಎಂದ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ. "ಎರಡೂ ನಂದೇ ಟೀಚರ್. ನಡುವೆ ಸಹಿ ಬದಲಾಯಿಸಿದೆ."

ಟೀಚರ ಮುಖ ಅರಳಿತು. ಅವರಿಗೂ ಹುಡುಗಿಯನ್ನು ಹೊರಗೆ ಹಾಕುವ ಇಷ್ಟವಿರಲಿಲ್ಲ ಎಂಬುದು ಎದ್ದು ಕಾಣುತ್ತಿತ್ತು. "ಅಷ್ಟೇ ತಾನೇ! ನಾನೂ ಅದನ್ನೇ ಅಂದ್ಕೊಂಡೆ. ಹಂಗಾದ್ರೆ ಎರಡು ಸಾಲು ಬರೆದುಕೊಡಿ ಸರ್, ಫೈಲಿಗೆ ಹಾಕ್ತೀನಿ. 'ಡೈರಿಯ ಎಲ್ಲಾ ಪುಟಗಳನ್ನು ನಾನೇ ನೋಡಿ ಸಹಿ ಮಾಡಿರುತ್ತೇನೆ' ಅಂತ. ಮುಗೀತು."

ಬಿಳಿ ಹಾಳೆ ಬಂತು, ಪೆನ್ನು ಬಂತು. ನಾನೇ ನೋಡಿ ಸಹಿ ಮಾಡಿರುತ್ತೇನೆ. ಪ್ರಯೋಗಾಲಯದ ಪ್ರಮಾಣಪತ್ರಗಳ ಬುಡದಲ್ಲಿ ಅಚ್ಚಾಗಿದ್ದದ್ದೂ ಹೆಚ್ಚುಕಮ್ಮಿ ಇದೇ ಸಾಲು. ಅವನು ಪೆನ್ನಿನ ಮುಚ್ಚಳ ತೆಗೆದ. ಕೈ ಬರೆಯಲಿಲ್ಲ.

"ಒಂದು ಸಲ ಡೈರಿ ನೋಡಬಹುದಾ ಟೀಚರ್?"

"ನಿಮ್ಮದೇ ಅಲ್ವಾ, ನೋಡಿ."

ಹೋದ ವರ್ಷದ್ದನ್ನು ಮೊದಲು ತೆರೆದ. ಒಂದೊಂದು ವಾರಕ್ಕೂ ಒಂದು ಪುಟ. ಮೇಲೆ ಅಂಕ, ನಡುವೆ ಟೀಚರ ಮಾತು, ಕೆಳಗೆ 'ಪೋಷಕರ ಅಭಿಪ್ರಾಯ', ಅದರ ಕೆಳಗೆ ಸಹಿ. ಸಹಿಯ ವಿಷಯ ಅವನಿಗೆ ಗೊತ್ತಿತ್ತು. ಅಭಿಪ್ರಾಯದ ವಿಷಯ ಗೊತ್ತಿರಲಿಲ್ಲ.

'ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆ' ಎಂದು ಟೀಚರ್ ಬರೆದಲ್ಲಿ, ದೊಡ್ಡವರ ಅಕ್ಷರದಂತೆ ಬಲಕ್ಕೆ ವಾಲಿಸಿ ಬರೆದಿತ್ತು: 'ಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದೇನೆ.' 'ತಂದೆಯವರು ಬಂದು ಕಾಣಬೇಕು' ಎಂಬಲ್ಲಿ: 'ಕೆಲಸದ ಒತ್ತಡ. ಕ್ಷಮಿಸಿ. ಮುಂದಿನ ತಿಂಗಳು ಖಂಡಿತ ಬರುತ್ತೇನೆ.' ಮುಂದಿನ ತಿಂಗಳು ಅದೇ ಮಾತಿಗೆ: 'ಸ್ವಲ್ಪ ಹುಷಾರಿಲ್ಲ.' 'ಮಧ್ಯಾಹ್ನ ಊಟ ತರುವುದಿಲ್ಲ, ಗಮನಿಸಿ' ಎಂಬಲ್ಲಿ: 'ಇನ್ನು ಮುಂದೆ ನಾನೇ ಡಬ್ಬಿ ಕಟ್ಟಿ ಕಳಿಸುತ್ತೇನೆ.' 'ಕ್ಲಾಸಿನಲ್ಲಿ ಯಾರ ಜೊತೆಯೂ ಮಾತಾಡುವುದಿಲ್ಲ' ಎಂಬಲ್ಲಿ ಏನನ್ನೋ ಬರೆದು, ಹೊಡೆದು ಹಾಕಿ, ಬರೀ 'ನೋಡಿದೆ' ಎಂದಿತ್ತು.

ಪುಟ ತಿರುಗಿಸಿದ. ಹೊರಗೆ ಗಂಟೆ ಹೊಡೆಯಿತು, ಮಕ್ಕಳು ಗದ್ದಲ ಮಾಡುತ್ತಾ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರು. ಟೀಚರ್ ಒಂದು ಸಲ ಗಡಿಯಾರ ನೋಡಿ, ಉತ್ತರ ಪತ್ರಿಕೆಗಳ ಕಟ್ಟು ಎಳೆದುಕೊಂಡು ತಿದ್ದತೊಡಗಿದರು. ಅವನು ಒಂದು ವಾರವನ್ನೂ ಬಿಡದೆ ಓದಿದ. ಗಣಿತ ಮೂವತ್ತೊಂದು, ಮೂವತ್ತೆಂಟು, ಐವತ್ತು. ಆಮೇಲೆ ಒಂದು ವಾರ, ಈ ವರ್ಷ ಶಾಲೆ ಶುರುವಾದ ಎರಡನೆಯ ತಿಂಗಳಲ್ಲಿ, ಗಣಿತ ತೊಂಬತ್ತೆರಡು. ಕೆಳಗೆ:

'ನೋಡಿ ತುಂಬಾ ಸಂತೋಷವಾಯಿತು. ನನ್ನ ಮಗಳ ಬಗ್ಗೆ ನನಗೆ ಹೆಮ್ಮೆ ಇದೆ.'

ಕೊಂಡಿ, ಚಾಟಿ, ಎರಡು ಚುಕ್ಕಿ.

ಆ ವಾರದ ತಾರೀಖು ನೋಡಿದ. ಅವನು ಜೈಲಿನಿಂದ ಹೊರಗೆ ಬಂದು ಆಗಲೇ ತಿಂಗಳಾಗಿತ್ತು. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ, ಬಹುಶಃ ಅವಳಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಮಲಗಿದ್ದ.

ಡೈರಿಯನ್ನು ಮುಚ್ಚಿದ. ಪೆನ್ನಿಗೆ ಮುಚ್ಚಳ ಹಾಕಿದ. ಬಿಳಿ ಹಾಳೆಯನ್ನು ಟೀಚರ ಕಡೆಗೆ ಸರಿಸಿದ.

"ಈಗ ಹೇಳಿದ್ದು ಸುಳ್ಳು ಟೀಚರ್. ಫಾರ್ಮಿನ ಮೇಲಿರೋದೊಂದೇ ನಂದು. ಡೈರಿಯಲ್ಲಿರೋದು ನಂದಲ್ಲ. ಇದರಲ್ಲಿ ಒಂದು ಮಾತೂ ನಾನು ಆಡಿದ್ದಲ್ಲ."

"ಅಪ್ಪಾ!" ಎಂದಳು ಮಗಳು.

"ಆಗ ನಾನು ಮನೇಲಿರಲಿಲ್ಲ. ಜೈಲಲ್ಲಿದ್ದೆ. ನೋಡದೇ ಸಹಿ ಹಾಕಿದ್ದಕ್ಕೆ." ದನಿ ತನ್ನದಲ್ಲ ಎಂಬಂತೆ ಕೇಳಿಸುತ್ತಿತ್ತು. "ಅಪ್ಪ ಇಲ್ಲ ಅಂತ ಯಾರಿಗೂ ಗೊತ್ತಾಗಬಾರದು ಅಂತ ಮಗಳು ಹಾಕಿದ್ದಾಳೆ. ನಾನು ಬಂದ ಮೇಲೂ ಅವಳೇ ಹಾಕಿದ್ದಾಳೆ, ಯಾಕಂದ್ರೆ ನಾನು ಕೇಳಲೇ ಇಲ್ಲ. ಐವತ್ತೆಂಟು ಸಲ. ಇದಕ್ಕೆ ಶಿಕ್ಷೆ ಯಾರಿಗೆ ಬರೀಬೇಕೋ ನಿಮಗೆ ಬಿಟ್ಟಿದ್ದು."

ಟೀಚರ್ ಕೆಂಪು ಪೆನ್ನನ್ನು ಉತ್ತರ ಪತ್ರಿಕೆಗಳ ಮೇಲೆ ಇಟ್ಟರು. "ನನಗೆ ಹೇಳದೇ ಇದ್ದಿದ್ರೆ ಚೆನ್ನಾಗಿತ್ತು ಸರ್," ಎಂದರು. ಬೈಗುಳದಂತಿರಲಿಲ್ಲ ಅದು. "ಈಗ ನಾನು ಹೆಡ್‌ಮಾಸ್ಟರಿಗೆ ಹೇಳಲೇಬೇಕು."

ಹೆಡ್‌ಮಾಸ್ಟರ ಕೋಣೆಯಲ್ಲಿ ಗುಮಾಸ್ತ ಕೂಡ ಇದ್ದ. ಟೀಚರ್ ವಿಷಯ ಹೇಳಿದ ಮೇಲೆ ಹೆಡ್‌ಮಾಸ್ಟರು ಸರಿಯಾಗಿ ಕೇಳಿಸಲಿಲ್ಲವೆಂಬಂತೆ, "ಎಲ್ಲಿದ್ರಿ ಅಂದ್ರಿ?" ಎಂದು ಇನ್ನೊಂದು ಸಲ ಕೇಳಿದರು. ಅವನು ಇನ್ನೊಂದು ಸಲ ಹೇಳಿದ. ಗುಮಾಸ್ತನ ಟೈಪಿಂಗ್ ನಿಂತಿತು. ಸಂಜೆಯೊಳಗೆ ಇದು ಬೀದಿಯ ಬಾಯಿಗೆ ಬೀಳುತ್ತದೆ ಎಂದು ಅವನಿಗೆ ಆಗಲೇ ತಿಳಿಯಿತು. ಗಳಿಗೆಯ ಮೇಲೆ ಟೈಪಿಂಗ್ ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

ಹೆಡ್‌ಮಾಸ್ಟರು ನಿಯಮದ ಪುಸ್ತಕ ತೆಗೆದರು. ನಿಯಮದ ಪ್ರಕಾರ ಟಿ.ಸಿ.ಯೇ. ಟೀಚರ್ ಕೂತ ಕುರ್ಚಿಯಿಂದ ಎದ್ದು, "ಅರ್ಧ ವರ್ಷದ ಪರೀಕ್ಷೆಗೆ ಮೂರು ವಾರ ಇದೆ ಸರ್, ಈಗ ಯಾವ ಶಾಲೆ ಸೇರಿಸ್ಕೊಳ್ಳುತ್ತೆ? ಎರಡು ವರ್ಷ ಸಹಿ ನೋಡಿ ಮೋಸ ಹೋದೋಳು ನಾನು. ನನ್ನದೂ ಬರ್ಕೊಳ್ಳಿ," ಎಂದರು. ಹೆಡ್‌ಮಾಸ್ಟರು ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿದರು. ಪುಸ್ತಕ ಮುಚ್ಚಿದರು. ಮೂರು ದಿನ ಕ್ಲಾಸಿಲ್ಲ, ಪ್ರವಾಸವಿಲ್ಲ, ಹೊಸ ಡೈರಿ, ತಮ್ಮ ಕಣ್ಣೆದುರೇ ಹೊಸ ಮಾದರಿ ಸಹಿ.

ಅವನು ಚೌಕದೊಳಗೆ ತನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಬರೆದ. ಮಗಳು ಆ ಕಡೆ ನೋಡಲಿಲ್ಲ.

*

ಹೆಂಡತಿ ಎರಡು ದಿನ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದಳು. ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಹೊತ್ತನ್ನು ಬದಲಾಯಿಸಿದರು. ಮಗಳಂತೂ ಒಂದು ಮಾತೂ ಆಡಲಿಲ್ಲ. ಮೂರನೆಯ ದಿನ, ಅವಳ ತರಗತಿ ಅಣೆಕಟ್ಟು ನೋಡಲು ಬಸ್ಸು ಹತ್ತಿದ ದಿನ, ಹೆಂಡತಿ ಬೇಗ ಅಂಗಡಿಗೆ ಹೋಗಬೇಕಿತ್ತು. "ಒಬ್ಬಳೇ ಕೂತು ಕೊರಗೋದು ಬೇಡ, ಕರ್ಕೊಂಡು ಹೋಗಿ," ಎಂದು ಅವನ ಕೈಗೆ ಎರಡು ಡಬ್ಬಿ ಕೊಟ್ಟಳು. ಅದರಲ್ಲಿ ಒಂದು ಮಗಳದು.

"ಓ, ನೀರ್ ಸಾಹೇಬ್ರ ಮಗಳು!" ಎಂದಳು ಯಜಮಾನಿ. "ಶಾಲೆ ಇಲ್ವೇನಮ್ಮಾ?"

"ಸೇರಿಸಲ್ಲ ಅಂದಿದ್ದಾರೆ," ಎಂದಳು ಹುಡುಗಿ ನೆಲ ನೋಡುತ್ತಾ.

"ನನ್ನನ್ನೂ ಸೇರಿಸಿರಲಿಲ್ಲ. ನನ್ನನ್ನ ಪೂರ್ತಿಯಾಗೇ ಸೇರಿಸಲಿಲ್ಲ ಅಷ್ಟೆ. ಆ ನೆರಳಲ್ಲಿ ಕೂತ್ಕೊ, ಲಾರಿ ಬಂದ್ರೆ ಈಚೆ ಬಾ."

ಅವಳು ಹತ್ತಿರದ ಒಟ್ಟಿಲಿನ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನು ಗೋಣಿತಾಟು ಸರಿಸಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರನ್ನು ಬೀಸಣಿಗೆಯಂತೆ ಹರಡುತ್ತಾ ಒಂದೊಂದೇ ಸಾಲು ನೆನೆಸುತ್ತಾ ಬಂದ. ಒಣಗಿದ ಇಟ್ಟಿಗೆ ನೀರು ಬಿದ್ದ ಕೂಡಲೇ ಸಣ್ಣಗೆ ಸದ್ದು ಮಾಡಿ ಹೀರಿಕೊಂಡು ಕಪ್ಪಾಗುತ್ತಿತ್ತು. ನೀರು ಹರಿದು ಅವಳ ಕಾಲ ಬುಡಕ್ಕೆ ಬಂದಾಗ ಅವಳು ಕಾಲು ಮೇಲೆತ್ತಿಕೊಂಡಳು, ಅಲ್ಲಿಂದ ಏಳಲಿಲ್ಲ.

ಅವಳ ಪಕ್ಕದ ಒಟ್ಟಿಲಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಇತ್ತು, ತಾರೀಖಿನ ಪಕ್ಕ ಅವನ ಹೆಸರು. ಅದರ ಪಕ್ಕದ್ದರ ಮೇಲೂ ಇತ್ತು, ಅದರಾಚೆಯದರ ಮೇಲೂ. ಅವಳು ಒಂದಾದ ಮೇಲೊಂದನ್ನು ನೋಡುತ್ತಾ ಹೋದದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡ. ತಲೆ ಎತ್ತಲಿಲ್ಲ. ಸಾಲು ಮುಗಿಸಿ, ಪೈಪು ಎಳೆದುಕೊಂಡು ಮುಂದಿನ ಒಟ್ಟಿಲಿಗೆ ಹೊರಟ.

"ಅಲ್ಲಿ," ಎಂದಳು ಮಗಳು.

ಅವನು ನಿಂತ.

"ಆ ಮೂಲೆ. ಬಿಟ್ಟೆ ನೀನು."

ಹಿಂತಿರುಗಿ ನೋಡಿದ. ಕೆಳಗಿನ ಸಾಲಿನ ಹಿಂಬದಿಯಲ್ಲಿ, ಬಗ್ಗಿ ನೋಡದೆ ಕಾಣದಂಥ ಕಡೆ, ಎರಡು ಇಟ್ಟಿಗೆ ಬೆಳ್ಳಗೆ ಒಣಗಿಕೊಂಡಿದ್ದವು. ಅವನು ಪೈಪನ್ನು ಅತ್ತ ತಿರುಗಿಸಿದ. ಅವಳು ಒಟ್ಟಿಲಿನಿಂದ ಇಳಿದು, ಬ್ಯಾಗನ್ನು ಕೆಳಗಿಟ್ಟು, ಬಗ್ಗಿ, ಎರಡೂ ಪೂರ್ತಿ ಕಪ್ಪಾಗುವ ತನಕ ನೋಡುತ್ತಾ ನಿಂತಳು.